ದೊರೆಯ ದರ್ಜಿ

ಪಿರಿಯಾಪಟ್ಟಣದ ದರ್ಜಿ ಅಬ್ದುಲ್ ಸತ್ತಾರ್ ಸಾಹೇಬರು ಯಾರದೇ ಮುಖ ನೋಡಿ ಮಾತನಾಡಿದ್ದನ್ನು ಕಂಡವರಿಲ್ಲ. ಅವರ ದೃಷ್ಟಿ ಎದುರಿಗಿದ್ದವರ ಭುಜದ ಮೇಲೆ ಗುಬ್ಬಚ್ಚಿಯಂತೆ ಕುಳಿತು, ಅಲ್ಲಿಂದ ತೋಳಿಗಿಳಿದು, ಸೊಂಟವನ್ನು ಒಂದು ಸುತ್ತು ಹಾಕಿಕೊಂಡು ಬರುವಷ್ಟರಲ್ಲಿ ಮಾತು ಮುಗಿದಿರುತ್ತದೆ. ಭುಜ ಕಂಡರೆ ಮೂರು ತಲೆಮಾರಿನ ಪರಿಚಯ ಹೇಳಬಲ್ಲ ಈ ಮಹಾಶಯರು, ಕಿಟಕಿಯಲ್ಲಿ ಮುಖವನ್ನಷ್ಟೇ ತೋರಿಸಿದ ಸ್ವಂತ ಬೀಗರನ್ನು ಗುರುತು ಹತ್ತದೆ ಬಾಗಿಲಲ್ಲೇ ನಿಲ್ಲಿಸಿದ್ದರೆಂದು ಅವರ ಪತ್ನಿ ಖಮರುನ್ನೀಸಾ ಇಂದಿಗೂ ದೂರುತ್ತಾರೆ. ಅಳತೆಯ ಟೇಪು ಹುಟ್ಟುವಾಗಲೇ ಅವರ ಕೊರಳಲ್ಲಿತ್ತೆಂಬುದು ಉತ್ಪ್ರೇಕ್ಷೆ. ಅದು ಬಂದದ್ದು ಹಾಲುಹಲ್ಲು ಮೂಡಿದ ಮೇಲೆ.

ಹೊಗೆಸೊಪ್ಪಿನ ಮೂಟೆಗೆ ಸುತ್ತುವ ಗೋಣಿಯಿಂದ ಮದುವಣಿಗನ ಶೇರ್ವಾನಿಯವರೆಗೆ ಅವರು ಹೊಲಿಯದ್ದಿಲ್ಲ. ಹೊಲಿದದ್ದು ಬಿಟ್ಟುಕೊಂಡದ್ದೂ ಇಲ್ಲ. ಎಚ್.ಡಿ. ಕೋಟೆಯ ಕಡೆ ಹೊಲದ ಕಾವಲಿಗೆಂದು ಅವರು ಹೊಲಿದುಕೊಟ್ಟ ಡೇರೆಯನ್ನು ಸಲಗವೊಂದು ಕಬಿನಿಯ ದಡದವರೆಗೂ ಎಳೆದೊಯ್ದಿತಂತೆ. ಕಂಬ ಮುರಿಯಿತು, ಹಗ್ಗ ಹರಿಯಿತು, ಕೊನೆಗೆ ಆನೆಗೇ ಬೇಸರ ಬಂದು ಡೇರೆಯನ್ನು ಮಡಿಸಿಟ್ಟು ಕಾಡಿಗೆ ಹೋಯಿತು. ಹೊಲಿಗೆಯ ಒಂದೆಳೆ ಅಲುಗಲಿಲ್ಲ. “ನಾನ್ ಒಲ್ದಿದ್ದಕ್ಕೆ ನನ್ ಕಣ್ಮುಂದೆ ಕತ್ರಿ ಬಿದ್ದ ದಿನ ಅಂಗ್ಡಿ ಬಾಗ್ಲು ಮುಚ್ತೀನಿ” ಎಂಬುದು ಅವರ ಪ್ರತಿಜ್ಞೆ. ಅದನ್ನು ಅವರು ನಗುತ್ತಾ ಹೇಳಿದ್ದನ್ನು ಮಾತ್ರ ಯಾರೂ ಕೇಳಿಲ್ಲ.

ಇಂಥವರಿಗೂ ಚಂಗಾಳ್ವ ದೊರೆಗೂ ಗಂಟುಬಿದ್ದದ್ದು ಗಾಳಿಯ ದೆಸೆಯಿಂದ. ಈ ಸೀಮೆಯನ್ನು ಒಂದು ಕಾಲಕ್ಕೆ ಆಳಿದ ಆ ವಂಶದ ಅರಸನೊಬ್ಬನ ಕಂಚಿನ ಪ್ರತಿಮೆ, ಬಲಗೈಯಲ್ಲಿ ಕತ್ತಿ ಎತ್ತಿ ಹಿಡಿದು, ಬೆಟ್ಟದಪುರದ ದಾರಿಯ ವೃತ್ತದಲ್ಲಿ ಬಂದು ನಿಂತಿತು. ಅನಾವರಣಕ್ಕೆ ಬರಬೇಕಾದ ಗಣ್ಯರಿಗೆ ಪುರಸೊತ್ತು ಮಾತ್ರ ದೊರೆಯಲಿಲ್ಲ. ದೊರೆಗೆ ಸುತ್ತಿದ್ದ ಮೊದಲ ಟಾರ್ಪಾಲನ್ನು ಆಷಾಢದ ಗಾಳಿ ಅವನ ಕತ್ತಿಯಿಂದಲೇ ಸೀಳಿಸಿತು. ಎರಡನೆಯದು ದಾರಿಯಲ್ಲಿ ಎರಡು ಬಸ್ಸುಗಳನ್ನು ಹಿಂದೆ ಹಾಕಿ ಕಂಪಲಾಪುರದ ಯಾರದೋ ಕೊಟ್ಟಿಗೆಗೆ ಸೂರಾಯಿತು. ಪ್ರತಿಮೆ ಸಮಿತಿಯ ಅಧ್ಯಕ್ಷ ಬಸವರಾಜು ಗೌಡರು ಸತ್ತಾರರ ಅಂಗಡಿಗೆ ಓಡಿಬಂದರು.

“ಸಾಬ್ರೆ, ದೊರೆಗೊಂದು ಮುಸುಕು ಒಲ್ಕೊಡಿ. ಅಗ್ಗ ಎಳೆಯೋಗಂಟ ಮೀಸೆ ಯಾರ್ಗೂ ಕಾಣ್ಬಾರ್ದು. ಎಂಥಾ ಗಾಳಿ ಬಂದ್ರೂ ಆರ್ಬಾರ್ದು ಕಣ್ರೀ!”

“ಆರಲ್ಲ ಬುಡಿ ಗೌಡ್ರೆ.”

ಗೌಡರು ಹೇಳಿದ್ದು ಮುಸುಕು. ಸತ್ತಾರರ ಕಿವಿಗೆ ಬಿದ್ದದ್ದು ದೊರೆ. ಏಣಿ ಹತ್ತಿದರು. ಎದೆಯ ಸುತ್ತಳತೆಗೆ ಟೇಪು ಸಾಲದೆ ಇನ್ನೊಂದನ್ನು ಗಂಟು ಹಾಕಿದರು. “ಉಸಿರು ಬಿಡಿ ದೊರೆ” ಎಂದರಂತೆ. ದೊರೆ ಬಿಟ್ಟರೆಂದು ಕೆಳಗೆ ಏಣಿ ಹಿಡಿದಿದ್ದ ಕಂಠಪ್ಪ ಆಣೆಯಿಟ್ಟು ಹೇಳುತ್ತಾನೆ. ಸಿದ್ಧವಾದದ್ದು ದಪ್ಪ ಕ್ಯಾನ್ವಾಸಿನ ನಿಲುವಂಗಿ: ಎರಡು ತೋಳು, ಕತ್ತಿಗೊಂದು ಗವಸು, ಮೀಸೆ ಮುಚ್ಚುವಂತೆ ಮುಖದ ಮೇಲಿಳಿದು ಕತ್ತಿನ ಹಿಂದೆ ಲಾಡಿ ಕಟ್ಟುವ ಕುಲಾವಿ, ಬೆನ್ನಿಗೂ ಎತ್ತಿದ ತೋಳಿಗೂ ಉದ್ದಕ್ಕೆ ಕಾಜ ಹೊಡೆದ ಗುಂಡಿಗಳು. ಗಾಳಿ ಬಂತು, ಬಿರುಮಳೆ ಬಂತು. ದೊರೆ ತೊಟ್ಟಿಲ ಕೂಸಿನಂತೆ ಬೆಚ್ಚಗೆ ನಿಂತಿದ್ದ. ಊರು ತಲೆದೂಗಿತು. ಮುಸುಕೆಂಬುದು ಒಂದೇ ಎಳೆತಕ್ಕೆ ಜಾರಿ ಬೀಳಬೇಕಾದ ವಸ್ತುವೆಂದು ಒಬ್ಬರಿಗೂ ಹೊಳೆಯಲಿಲ್ಲ, ಹೊಲಿದವರಿಗಂತೂ ಮೊದಲೇ ಇಲ್ಲ.

ಅನಾವರಣದ ದಿನ ಗಣ್ಯರು ಹಗ್ಗ ಎಳೆದರು. ಅಂಗಿ ಜಗ್ಗಲಿಲ್ಲ. ಸಮಿತಿಯವರೆಲ್ಲ ಕೈಜೋಡಿಸಿ ಎಳೆದರು. ಹಗ್ಗ ತುಂಡಾಗಿ ಸಮಿತಿಗೆ ಸಮಿತಿಯೇ ಹೂಕುಂಡಗಳ ಮೇಲೆ ಕುಳಿತಿತು.

“ಸಾಬ್ರೆ, ದೊರೆಗೆ ಚಡ್ಡಿನೂವೆ ಒಲ್ದಿದ್ದೀರಾ ಎಂಗೆ?” ಎಂದು ಗುಂಪಿನಲ್ಲಿ ಯಾರೋ ಕೂಗಿದರು. ನಗೆಯ ಅಬ್ಬರಕ್ಕೆ ಬಾಳೆಕಂಬ ವಾಲಿತು.

ಬಸವರಾಜು ಕೆಂಡವಾದರು. “ಕುಡ್ಲು ತಗಂಬಾರ್ಲಾ ಕಂಠಪ್ಪ! ಕುಯ್ದಾಕ್ಲಾ ಅದ್ನ!”

ಸತ್ತಾರರು ಅಡ್ಡ ನಿಂತರು. “ಕುಯ್ಬ್ಯಾಡಿ ಗೌಡ್ರೆ. ಕುಯ್ದ್ರೆ ನಾಳೆ ನನ್ ಅಂಗ್ಡಿ ಇರಲ್ಲ.”

“ಮತ್ತೇನ್ ಮಾಡನಾ? ದೊರೆ ತಾವೇ ಬಿಚ್ಕತಾರಾ?”

“ನಾನ್ ಬಿಚ್ಚಿಸ್ತೀನಿ.”

“ಮಂಡಿ ನೋವು ಅಂತ ಮನೇಲಿ ಒಂದ್ ಕೊಡ ನೀರೆತ್ತಲ್ಲ, ಈಗ ಏಣಿ ಹತ್ತೋದು ನೋಡ್ರಮ್ಮಾ!” ಎಂದು ಹೆಂಗಸರ ನಡುವಿನಿಂದ ಖಮರುನ್ನೀಸಾ ಕೇಳಿಸುವಂತೆಯೇ ಹೇಳಿದರು. ಆ ಮಂಡಿಗಳ ಕಿರುಗುಟ್ಟುವಿಕೆ ಅತ್ತ ಕೆ.ಆರ್. ನಗರದವರೆಗೂ ಕೇಳಿಸಿರಬೇಕು. ಏಣಿಯನ್ನು ದೊರೆಯ ಬೆನ್ನಿಗೆ ಆನಿಸಿ ಹತ್ತಿದ ಸತ್ತಾರರು ಮೊದಲು ಲಾಡಿ ಸಡಿಲಿಸಿದರು. ಆಮೇಲೆ, ಗಣ್ಯರು ಗಡಿಯಾರ ನೋಡುತ್ತಿದ್ದಂತೆ, ಒಂದೊಂದೇ ಗುಂಡಿಯನ್ನು ಅದರ ಕಾಜದಿಂದ ಬಿಡಿಸತೊಡಗಿದರು. ದಣಿದು ಮನೆಗೆ ಬಂದ ಹಿರಿಯರ ಮೈಯಿಂದ ಕೋಟು ತೆಗೆಯುವವರ ನಿಧಾನ ಅದು. ಮೊದಲು ನಕ್ಕವರು ಬಾಯಿ ಮುಚ್ಚಿದರು. “ಕೈ ಜೋಪಾನ ದೊರೆ” ಎಂದು ಅವರು ಪಿಸುಗುಟ್ಟಿದ್ದು ಮುಂದಿನ ಸಾಲಿಗೆ ಸ್ಪಷ್ಟವಾಗಿ ಕೇಳಿಸಿತು. ಅಂಗಿ ಇಡಿಯಾಗಿ, ಒಂದು ಎಳೆ ಕಿತ್ತುಬರದೆ, ಅವರ ಕೈಗೆ ಬಂತು. ಜಯಘೋಷಕ್ಕೆ ಬೆಟ್ಟದಪುರದ ಬೆಟ್ಟ ಅರ್ಧ ಅಡಿ ಹಿಂದೆ ಸರಿಯಿತು.

ಮರುದಿನ ಬೆಳಗ್ಗೆ ಅಂಗಡಿ ಎಂದಿನಂತೆ ತೆರೆದಿತ್ತು. ಕಂಠಪ್ಪ ಬಂದು ಕೇಳಿದ: “ಊರ್ಗಿಂತ ಮುಂಚೆ ನೋಡ್ದೋರು ನೀವು. ದೊರೆ ಮಕ ಎಂಗದೆ ಸಾಬ್ರೆ?”

“ಮಕ ನೋಡ್ನಿಲ್ಲ ಕಣಪ್ಪ,” ಎಂದರು ಸತ್ತಾರರು, ಅವನ ಭುಜ ನೋಡುತ್ತಾ. “ಕತ್ತಿ ಎತ್ತಿದ್ ಭುಜ ಬಿಗ್ದೋಗದೆ. ಏಸ್ ಕಾಲದಿಂದ ಎತ್ಕಂಡವ್ರೋ, ಪಾಪ.”

ಅರಸರನ್ನು ಕಂಚಿನಲ್ಲಿ ಎರಕ ಹೊಯ್ದು, ಹಾರ ಹಾಕಿ, ಊಟ ಮಾಡಿ, ಮರೆತು ಮನೆಗೆ ಹೋಗುವವರೇ ನಮ್ಮಲ್ಲಿ ಬಹುಮಂದಿ. ಆ ಕಂಚಿಗೂ ತೋಳು ಸೋಲುತ್ತದೆಂದು ಮರುಗುವವರು ಊರಿಗೊಬ್ಬರು ಸಿಕ್ಕರೆ ಪುಣ್ಯ. ಅಂಥವರ ಕೈಗೆ ಮುಚ್ಚುವ ಬಟ್ಟೆ ಕೊಟ್ಟರೂ ಅದು ತೊಡುವ ಅಂಗಿಯಾಗಿಬಿಡುತ್ತದೆ. ಸಮಾರಂಭ ಒಂದಿಷ್ಟು ತಡವಾಗುತ್ತದೆ, ಅಷ್ಟೇ.