ಮಿಷನ್ನಿನ ಬೆನ್ನು

ಪ್ಲೈವುಡ್ ಗೋಡೆಯಲ್ಲಿ ಕೂರಿಸಿದ್ದ ತಂಪುಗಾಳಿಯ ಮಿಷನ್ನು ಒಮ್ಮೆ ಮೈ ಕೊಡವಿಕೊಂಡು ಗುರ್ರೆಂದಿತು. ಗೋಡೆಯ ಆಚೆ, ಗಾಜಿನ ಕೋಣೆಯಲ್ಲಿ, ಗೌಡ ವೆಂಕಟರಮಣಪ್ಪ ಅಂಗಿಯ ಮೇಲಿನ ಗುಂಡಿ ಬಿಚ್ಚಿ ಕುರ್ಚಿಗೆ ಒರಗಿದ. ಈಚೆ, ತಾಮ್ರದ ತಂತಿಯ ಕಾಯಿಲ್ ಸುತ್ತುತ್ತ ಕೂತಿದ್ದ ಹೆಂಗಸರ ಕತ್ತಿನ ಮೇಲೆ ಅದೇ ಮಿಷನ್ನಿನ ಬೆನ್ನು ಬಿಸಿ ಉಸಿರು ಬಿಟ್ಟಿತು.

"ಬಂತಮ್ಮಾ ಗೌಡ್ರ ಪರಸಾದ. ಕಣ್ಣಿಗೊತ್ಕಳಿ," ಎಂದಳು ಭದ್ರಮ್ಮ. ಯಾರೂ ನಗಲಿಲ್ಲ. ಶಿವರಾತ್ರಿ ಕಳೆದು ಬಿಸಿಲು ಬಲಿತಿತ್ತು, ಮೇಲೆ ಶೀಟಿನ ಸೂರು ಕಾವಲಿಯ ಹಾಗೆ ಕಾದಿತ್ತು, ಮುನಿಯಕ್ಕನ ಸ್ಟೂಲು ಖಾಲಿ ಇತ್ತು.

ಅದು ಕಾರಿಗೆಂದು ಕಟ್ಟಿದ ಗ್ಯಾರೇಜು. ಪೀಣ್ಯದಲ್ಲಿ ಒಂದರ ಪಕ್ಕ ಒಂದು ಶೆಡ್ಡು ಎದ್ದು, ಪಂಪು ಮಾಡುವ ಕಾರ್ಖಾನೆಯವರು ಕಾಯಿಲ್ ಸುತ್ತಿಕೊಡಿ ಎಂದು ಮನೆ ಬಾಗಿಲಿಗೇ ಬಂದಾಗ ವೆಂಕಟರಮಣಪ್ಪ ಅಂಬಾಸಿಡರನ್ನು ಹೊರಗೆ ಹೊಂಗೆಮರದ ಕೆಳಗೆ ನಿಲ್ಲಿಸಿ ಟಾರ್ಪಾಲು ಹೊದಿಸಿದ. ಗ್ಯಾರೇಜಿನ ಮೂಲೆಗೆ ಗಾಜಿನ ಕೋಣೆ ಬಂತು, ಉಳಿದ ಜಾಗಕ್ಕೆ ಕೈಯಲ್ಲಿ ತಿರುಗಿಸುವ ಮಿಷನ್ನುಗಳೂ ಅವನ್ನು ತಿರುಗಿಸಲು ಊರ ಹೆಂಗಸರೂ ಬಂದರು. ಇದೇ ಜಾಗ ಹೊಲವಾಗಿದ್ದಾಗ ಇದೇ ಹೆಂಗಸರು ಇದೇ ಗೌಡನಿಗೆ ರಾಗಿ ಕೊಯ್ದಿದ್ದರು. ಆಗ ಬಗ್ಗಿ ಮಾಡಿದ್ದು, ಈಗ ಕೂತು ಮಾಡುವುದು. ಅಷ್ಟೇ ವ್ಯತ್ಯಾಸ.

ಗೋಡೆಯ ಮಿಷನ್ನು ಕಂಟೋನ್ಮೆಂಟಿನ ಹರಾಜಿನಲ್ಲಿ ಸಿಕ್ಕಿದ್ದು. ದೇಶ ಬಿಟ್ಟು ಹೋಗುತ್ತಿದ್ದ ಯಾವನೋ ದೊರೆ ಎಂಜಿನಿಯರನದು. ಅದರ ಮುಖದ ಮೇಲೊಂದು ತಿರುಪು, ತಿರುಪಿನ ಒಂದು ಕಡೆ ನೀಲಿ ಬೊಟ್ಟು, ಇನ್ನೊಂದು ಕಡೆ ಕೆಂಪು ಬೊಟ್ಟು. ನೀಲಿಗೆ ತಿರುಗಿಸಿದರೆ ಕೋಣೆ ತಂಪು, ಕೆಂಪಿಗೆ ತಿರುಗಿಸಿದರೆ ಬೆಚ್ಚಗೆ. ಮಾಗಿಯ ಚಳಿಯಲ್ಲಿ ಗೌಡ ಕೆಂಪಿಗೆ ತಿರುಗಿಸಿ ಬೆಚ್ಚಗೆ ಕೂತಾಗ ಮಿಷನ್ನಿನ ಬೆನ್ನು ಈಚೆಗೆ ಥಂಡಿ ಉಗುಳುತ್ತಿತ್ತು. ಹೆಂಗಸರು ಸೆರಗಿನ ಮೇಲೆ ಟವೆಲು ಹೊದ್ದು, ಸೆಟೆದುಕೊಂಡ ಬೆರಳಲ್ಲಿ ಕೂದಲೆಳೆಯಂಥ ತಾಮ್ರದ ತಂತಿ ಹಿಡಿಯಲಾರದೆ ತುಂಡರಿಸಿ ಬೈಸಿಕೊಳ್ಳುತ್ತಿದ್ದರು. ಈಗ ಬೇಸಿಗೆಗೆ ಅದೇ ಬೆನ್ನು ಬೆಂಕಿ.

ಆ ಮಿಷನ್ನು ತಾನಾಗಿ ಏನನ್ನೂ ಹುಟ್ಟಿಸುವುದಿಲ್ಲ, ಗೋಡೆಯ ಒಂದು ಕಡೆಯಿಂದ ಹೊತ್ತು ಇನ್ನೊಂದು ಕಡೆಗೆ ಹಾಕುತ್ತದೆ ಎಂಬುದನ್ನು ಹೆಂಗಸರಲ್ಲಿ ಹಳಬಳಾದ ಪಿಳ್ಳಮ್ಮ ಮಾಗಿಯಲ್ಲೇ ಕಂಡುಕೊಂಡಿದ್ದಳು. "ನಮ್ತಾವ ಇರೋದ್ನ ಕಿತ್ಕೊಂಡೋಗಿ ಅಲ್ಲಿಗೆ ಕೊಡ್ತದೆ. ಅಲ್ಲಿಗೆ ಬ್ಯಾಡದ್ದ ತಂದು ನಮ್ತಲೆ ಮ್ಯಾಗೆ ಸುರೀತದೆ," ಎಂದು ಆಗಲೇ ಹೇಳಿದ್ದಳು. ಗೌಡ್ರಿಗೆ ತಕ್ಕ ಮಿಷನ್ನು ಬಿಡು ಎಂದಿದ್ದಳು ಭದ್ರಮ್ಮ.

ಅದರ ಬೆನ್ನು ಇರಬೇಕಾದದ್ದು ಹೊರಗೆ, ಅಂಗಳದ ಕಡೆ. ಕೂರಿಸಲು ಬಂದ ಮೆಕ್ಯಾನಿಕ್ಕು ಗಾಜಿನ ಕೋಣೆಯ ಹೊರಗೋಡೆಯನ್ನು ತಟ್ಟಿ ಇಲ್ಲಿ ತೂತು ಕೊರೆಸಿ ಸಾರ್ ಎಂದು ಗುರುತೂ ಹಾಕಿದ್ದ. ಆದರೆ ಅದು ಈಶಾನ್ಯದ ಗೋಡೆ. ಈಶಾನ್ಯಕ್ಕೆ ತೂತು ಬಿದ್ದರೆ ಲಕ್ಷ್ಮಿ ಅಲ್ಲಿಂದಲೇ ಹೊರಟುಬಿಡುತ್ತಾಳೆಂದು ಪುರೋಹಿತರು ಹೆದರಿಸಿದರು. ಲಕ್ಷ್ಮಿ ಉಳಿದಳು. ಬಿಸಿಗಾಳಿ ಹೆಂಗಸರ ಪಾಲಿಗೆ ಬಂತು.

ಮುನಿಯಕ್ಕ ಬಿದ್ದದ್ದು ಹಿಂದಿನ ದಿನ ಮಧ್ಯಾಹ್ನ. ತುಂಬು ಬಸುರಿ, ಹಿಡಿದ ತಂತಿ ಕೈಯಲ್ಲಿರುವಂತೆಯೇ ಸ್ಟೂಲಿನಿಂದ ಪಕ್ಕಕ್ಕೆ ವಾಲಿದಳು. ಎತ್ತಿಕೊಂಡು ಹೋಗಿ ಹೊಂಗೆಮರದಡಿ ಮಲಗಿಸಿ ನೀರು ಚಿಮುಕಿಸಿದರು. ಅವಳು ಕಣ್ಣು ಬಿಟ್ಟ ಮೇಲೆ ಪಿಳ್ಳಮ್ಮ ನೇರ ಗಾಜಿನ ಕೋಣೆಗೆ ಹೋಗಿ, ಗೋಡೆ ಒಡೆಸಿ ಮಿಷನ್ನಿನ ಬೆನ್ನು ಹೊರಕ್ಕೆ ಮಾಡಿಸಬೇಕೆಂದು ಕೇಳಿದ್ದಳು.

ವೆಂಕಟರಮಣಪ್ಪ ಕೋಪಿಸಿಕೊಳ್ಳಲಿಲ್ಲ. ಶಾಸ್ತ್ರದ ಮಾತು ಹೇಳಿದ, ಸೆಕೆ ಊರಿಗೆಲ್ಲ ಒಂದೇ ಎಂದ. ಆಮೇಲೆ ದನಿ ತಗ್ಗಿಸಿದ. "ನೋಡು ಪಿಳ್ಳಮ್ಮ, ನೀನು ಹಳಬಳು. ನಾಳೆಯಿಂದ ಒಳಗ್ ಬಂದು ಕೂತ್ಕೊ. ಸುತ್ತಿದ್ ಕಾಯಿಲ್ ಚೆಕ್ ಮಾಡು. ತಣ್ಣಗಿರ್ತೀಯ. ಮಿಕ್ಕೋರ್ ಉಸಾಬರಿ ನಿಂಗ್ಯಾಕೆ?"

ಪಿಳ್ಳಮ್ಮ ಆಗಲಿ ಗೌಡ್ರೇ ಎಂದು ಹೊರಬಂದಳು. ಸಂಜೆ ನಲ್ಲಿಯ ಹತ್ತಿರ ಕೈತೊಳೆಯುತ್ತಿದ್ದವರಿಗೆ ಸುದ್ದಿ ಆಗಲೇ ಮುಟ್ಟಿತ್ತು.

"ಓಗವ್ವಾ, ಊಟಿಗ್ ಓಗಿ ಬಾ," ಎಂದಳು ಭದ್ರಮ್ಮ ಅವಳ ಮುಖ ನೋಡದೆ. "ಅಲ್ಲಿಂದ ಗಾಜಲ್ಲಿ ನಾವು ಕಾಣ್ತೀವೇನೋ. ಕಂಡ್ರೆ ಕೈ ಎತ್ತು."

ಪಿಳ್ಳಮ್ಮ ನಲ್ಲಿ ನಿಲ್ಲಿಸಿದಳು. "ಓಗ್ತೀನಿ ಭದ್ರಕ್ಕ. ತಿರುಪು ಒಳಗೈತೆ."

ಭದ್ರಮ್ಮ ಆಗ ತಲೆಯೆತ್ತಿದಳು. ಪಿಳ್ಳಮ್ಮ ಅವರಿಂದ ಕೇಳಿದ್ದು ಒಂದೇ: ತಿರುಪಿನ ಮೇಲೆ ತನ್ನ ಕೈ ಆಡುವಾಗ ಅವರ ಕೈಯೂ ಜೊತೆಗಿರಬೇಕು.

ಈಗ, ಮಾರನೆಯ ಬೆಳಿಗ್ಗೆ, ಅವಳು ಗಾಜಿನೊಳಗೆ ಕೂತಿದ್ದಳು. ಕತ್ತಿನ ಬೆವರು ಆರಿ ಮೈ ಹಗುರವಾಗಿತ್ತು. ಇಷ್ಟು ಸುಖ ಇರುತ್ತದೆಂದು ಅವಳಿಗೆ ಗೊತ್ತಿರಲಿಲ್ಲ, ಗೊತ್ತಾದದ್ದಕ್ಕೆ ಸಿಟ್ಟು ಬಂತು. ಗಾಜಿನಾಚೆ ಖಾಲಿ ಸ್ಟೂಲು ಕಾಣುತ್ತಿತ್ತು. ಸಂಜೆಗೆ ಲಾರಿ ಬರುವುದಿತ್ತು, ಅಷ್ಟರಲ್ಲಿ ಕಾಯಿಲ್ ಮುಗಿಯಲೇಬೇಕಿತ್ತು. ಮಧ್ಯಾಹ್ನ ಗೌಡ ಊಟಕ್ಕೆಂದು ಮನೆಯೊಳಗೆ ಹೋದ. ಪಿಳ್ಳಮ್ಮ ಎದ್ದು ತಿರುಪನ್ನು ನೀಲಿಯಿಂದ ಕೆಂಪಿಗೆ ತಿರುಗಿಸಿ, ಮತ್ತೆ ಬಂದು ಕೂತು ಕಾಯಿಲ್ ಕೈಗೆತ್ತಿಕೊಂಡಳು.

ಮಿಷನ್ನು ಕೆಮ್ಮಿತು, ಸ್ವಲ್ಪ ಹೊತ್ತು ಸುಮ್ಮನಾಯಿತು, ಮತ್ತೆ ಗುರ್ರೆಂದಿತು. ಆಚೆಯ ಹೆಂಗಸರ ಕತ್ತಿನ ಮೇಲೆ ತಂಗಾಳಿ ಬಿತ್ತು. ಯಾರೋ ಸೆರಗು ಸಡಿಲಿಸಿ ಅಯ್ಯಪ್ಪಾ ಎಂದರು. ಕೈಮಿಷನ್ನುಗಳು ಆ ವಾರದಲ್ಲಿ ಎಂದೂ ಇಲ್ಲದ ಜೋರಿನಲ್ಲಿ ತಿರುಗತೊಡಗಿದವು.

ಗೌಡ ಎಲೆಅಡಿಕೆ ಜಗಿಯುತ್ತ ಬಂದು ಕೋಣೆಯ ಬಾಗಿಲು ತೆಗೆದ. ಒಳಗೆ ಕುಲುಮೆಯಾಗಿತ್ತು. ಪಿಳ್ಳಮ್ಮನ ರವಿಕೆ ಬೆನ್ನಿಗಂಟಿತ್ತು, ಗಲ್ಲದಿಂದ ಬೆವರು ತೊಟ್ಟಿಕ್ಕುತ್ತಿತ್ತು, ಅವಳು ಕಾಯಿಲ್ ಎಣಿಸುತ್ತಿದ್ದಳು.

"ಏನಿದು? ಯಾರ್ ತಿರುಗ್ಸಿದ್ದು?"

"ನಾನೇ ಗೌಡ್ರೇ. ಕೂತ್ಕಳಿ. ಸೆಕೆ ಊರಿಗೆಲ್ಲ ಒಂದೇ."

ಅವನು ತಿರುಪನ್ನು ನೀಲಿಗೆ ತಿರುಗಿಸಿದ. ಮಿಷನ್ನಿನ ಬೆನ್ನಿನಿಂದ ಬಿಸಿ ಬಂದದ್ದೇ ಭದ್ರಮ್ಮನ ಕೈ ನಿಂತಿತು. ಅವಳ ಪಕ್ಕದವಳ ಕೈ ನಿಂತಿತು. ಒಂದೊಂದಾಗಿ ಕೈಮಿಷನ್ನುಗಳ ಹಿಡಿಗಳೆಲ್ಲ ನಿಂತು, ಗ್ಯಾರೇಜಿನಲ್ಲಿ ಆ ಗುರ್ರು ಒಂದೇ ಉಳಿಯಿತು. ಹೆಂಗಸರು ಮಡಿಲಲ್ಲಿ ಕೈ ಇಟ್ಟುಕೊಂಡು ಗಾಜಿನ ಕಡೆ ನೋಡುತ್ತ ಕೂತರು. ಯಾರೂ ಏಳಲಿಲ್ಲ.

ಗೌಡ ಬಾಗಿಲಿಗೆ ಬಂದು ಬೈದ. ಮನೆಗೆ ಕಳಿಸುತ್ತೇನೆ ಎಂದ, ಬೇರೆ ಊರಿನವರನ್ನು ತರಿಸುತ್ತೇನೆ ಎಂದ. ಭದ್ರಮ್ಮ ಅವನ ಮಾತು ಪೂರ್ತಿ ಮುಗಿಯುವವರೆಗೆ ಕಾದಳು. "ತರ್ಸಿ ಗೌಡ್ರೇ. ಲಾರಿಯೋರ್ಗೂ ಏಳಿ, ಒಸಬ್ರು ಕಲ್ಯೋಗಂಟ ಕಾಯ್ತಾರೆ."

ಪಿಳ್ಳಮ್ಮ ಎದ್ದು ತಿರುಪನ್ನು ಮತ್ತೆ ಕೆಂಪಿಗೆ ತಿರುಗಿಸಿದಳು. ಹಿಡಿಗಳು ತಿರುಗಿದವು. ಗೌಡ ನೀಲಿಗೆ ತಿರುಗಿಸಿದ. ಹಿಡಿಗಳು ನಿಂತವು. ಅವನು ಮಿಷನ್ನನ್ನೇ ಆರಿಸಿ ನೋಡಿದ. ಹಿಡಿಗಳು ತಿರುಗಿದವು, ಆದರೆ ಶೀಟಿನ ಕಾವು ಗಾಜಿನ ಕೋಣೆಗೂ ಇಳಿದು, ಜಗಿಯುತ್ತಿದ್ದ ಎಲೆ ಅವನ ಬಾಯಲ್ಲೇ ನಿಂತಿತು. ಕರವಸ್ತ್ರ ಒದ್ದೆಯಾಯಿತು. ಅವನು ಗೋಡೆಯ ಗಡಿಯಾರ ನೋಡಿದ, ರಸ್ತೆ ನೋಡಿದ, ಕೊನೆಗೆ ಈಶಾನ್ಯದ ಗೋಡೆಯನ್ನು ನೋಡಿದ. ಮೆಕ್ಯಾನಿಕ್ಕು ಎಳೆದ ಸೀಮೆಸುಣ್ಣದ ಗೆರೆ ಇನ್ನೂ ಅಳಿಸಿರಲಿಲ್ಲ.

"ಮಿಷನ್ ಬೆನ್ನು ಆಚೆಗಾದ್ರೂ ತಿರುಪು ನನ್ ಕೈಲೇ ಇರುತ್ತೆ," ಎಂದ ಅವನು.

"ಇಟ್ಕಳಿ," ಎಂದಳು ಪಿಳ್ಳಮ್ಮ. "ನಮ್ ಕೈ ನಮ್ತಾವ ಇರ್ತದೆ."

ಬಿಸಿಲು ವಾಲುವ ಹೊತ್ತಿಗೆ ಗಾರೆಯವನು ಬಂದ. ಮೂಲೆಯಿಂದ ಒಂದು ಮೊಳ ಈಚೆಗೆ ಹೊಡಿ, ಅದು ಈಶಾನ್ಯ ಅನ್ನಿಸಿಕೊಳ್ಳಲ್ಲ ಎಂದು ವೆಂಕಟರಮಣಪ್ಪ ತನಗೆ ತಾನೇ ಶಾಸ್ತ್ರ ಹೇಳಿಕೊಂಡು, ಒಂದು ನಿಂಬೆಹಣ್ಣು ಕೊಯ್ದು ಕುಂಕುಮ ಹಚ್ಚಿ ಇಟ್ಟ. ಉಳಿ ಬಿದ್ದ ಮೊದಲ ಏಟಿಗೆ ಸುಣ್ಣ ಉದುರಿತು. ಆ ಸದ್ದಿಗೆ ಹೆಂಗಸರ ಹಿಡಿಗಳು ನಿಲ್ಲಲಿಲ್ಲ.

ಲಾರಿ ತುಂಬಿ ಹೋದ ಮೇಲೂ ಅವರು ಮನೆಗೆ ಹೊರಡದೆ ಕಾದರು. ಪಿಳ್ಳಮ್ಮ ಗಾಜಿನ ಕೋಣೆಯಿಂದ ತನ್ನ ಬುತ್ತಿ ಎತ್ತಿಕೊಂಡು ಬಂದು ಈಚೆಯ ತನ್ನ ಜಾಗದಲ್ಲಿಟ್ಟಳು. ಮುನಿಯಕ್ಕನ ಸ್ಟೂಲನ್ನು ಭದ್ರಮ್ಮ ಸೆರಗಿನಿಂದ ಒರೆಸಿದಳು. ಆಮೇಲೆ ಎಲ್ಲರೂ ಅಂಗಳಕ್ಕೆ ಬಂದು ನಿಂತರು. ಗೋಡೆಯ ಹೊಸ ತೂತಿನಲ್ಲಿ ಕೂರಿಸಿದ ಮಿಷನ್ನು ಗುರ್ರೆಂದಿತು. ಹೊಂಗೆಮರದ ಕೆಳಗೆ, ಕಾರಿನ ಮೇಲಿದ್ದ ಟಾರ್ಪಾಲು ಬಿಸಿಗಾಳಿ ತುಂಬಿಕೊಂಡು ಮೆಲ್ಲಗೆ ಉಬ್ಬಿತು.