ಎರ್ಲೆನ್‌ರೋಡೆ ಊರಿನ ವಯಸ್ಸು

ಬರುವ ಬೇಸಿಗೆಗೆ ಎರ್ಲೆನ್‌ರೋಡೆ ಊರಿಗೆ ಒಂಬೈನೂರು ವರ್ಷ ತುಂಬುತ್ತದೆಂದು ಹಬ್ಬದ ಡೇರೆಗೆ ಮುಂಗಡ ಕೊಟ್ಟಾಗಿತ್ತು, ಬಿಯರ್ ಮಗ್‌ಗಳ ಮೇಲೆ ಇಸವಿಯೂ ಅಚ್ಚಾಗಿತ್ತು. ಹೆಸ್ಸೆ ಸೀಮೆಯಲ್ಲಿ ಊರು ಹುಟ್ಟುವುದು ಜನ ಮನೆ ಕಟ್ಟಿದಾಗಲ್ಲ, ಯಾರೋ ಚರ್ಮದ ಹಾಳೆಯ ಮೇಲೆ ಅದರ ಹೆಸರು ಬರೆದಾಗ. ಹೊಳೆಯಾಚೆಯ ಊರಿಗೆ ಎಂಟುನೂರೈವತ್ತೇ ಆಗಿದ್ದರಿಂದ ಇವರ ಜಂಬ ಕೇಳುವುದೇ ಬೇಡ.

ಇವರ ಊರ ಹೆಸರಿದ್ದ ಹಾಳೆ ಹುಡುಕಿ ಊರ ಚರಿತ್ರೆ ಬರೆದವರು ಫೋಲ್ಕ್‌ಮಾರ್ ಡೀಟ್ಸೆಲ್ ಮೇಷ್ಟ್ರು. ವಯಸ್ಸು ಎಂಬತ್ತನಾಲ್ಕು. ಹಬ್ಬದ ದಿನ ವೇದಿಕೆಯ ಮೇಲೆ ನಿಂತು ಆ ಚರಿತ್ರೆ ಓದುವುದೊಂದೇ ಅವರಿಗೆ ಉಳಿದಿದ್ದ ಆಸೆ. ಜಿಲ್ಲಾ ಪತ್ರಾಗಾರದ ಇರ್ಮ್‌ಟ್ರಾಡ್ ಹಾಳೆಯನ್ನು ಪರಿಶೀಲಿಸಿ ವರದಿ ಕೊಡಬೇಕಿತ್ತು. ಅವಳು ಮೇಷ್ಟ್ರ ಹಳೆಯ ಶಿಷ್ಯೆ. ಕಣ್ಣುಮುಚ್ಚಿ ಒಪ್ಪುತ್ತಾಳೆಂದು ಊರೆಲ್ಲ ನಂಬಿತ್ತು.

ಒಪ್ಪುವ ಆಸೆ ಅವಳಿಗೂ ಇತ್ತು, ಪಾಪ. ಆದರೆ ಸಾಕ್ಷಿ ಹಾಕಿದ ಬಿಷಪ್ಪರು ಹಾಳೆಯಲ್ಲಿದ್ದ ತಾರೀಖಿಗೆ ಮೊದಲೇ ತೀರಿಕೊಂಡಿದ್ದರು. ಅಕ್ಷರದ ವರಸೆಯೂ ಇನ್ನೂರು ವರ್ಷ ಈಚಿನದು. ಊರ ಹೊಲಗಳನ್ನು ಹೊಡೆದುಕೊಳ್ಳಲು, ಚಕ್ರವರ್ತಿಯೇ ದಾನ ಕೊಟ್ಟನೆಂದು ಮಠದ ಸನ್ಯಾಸಿಗಳು ತಾವೇ ಬರೆದುಕೊಂಡಿದ್ದರು. ಸತ್ತವರಿಂದ ಸಾಕ್ಷಿ ಹಾಕಿಸುವ ಧೈರ್ಯ ದೇವರ ಮನುಷ್ಯರಿಗಲ್ಲದೆ ಇನ್ಯಾರಿಗೆ ಬಂದೀತು?

ಭಾನುವಾರ ಮಧ್ಯಾಹ್ನ ಮೇಷ್ಟ್ರ ಮನೆಯಲ್ಲಿ, ಸಹಿ ಹಾಕದ ವರದಿಯನ್ನು ಮೇಜಿನ ಮೇಲಿಟ್ಟು, ಕೊಟ್ಟ ಪ್ಲಮ್ ಕೇಕನ್ನು ಮುಟ್ಟದೆ, ಅವಳು ಎಲ್ಲ ಹೇಳಿದಳು. ಮೇಷ್ಟ್ರು ಕೆಂಡವಾದರು. ಬಿಷಪ್ಪರು ಸತ್ತ ಇಸವಿಯೇ ತಪ್ಪಿರಬಹುದು ಎಂದರು, ಬರೆದವನ ಕೈತಪ್ಪು ಎಂದರು. ಒಂದೊಂದಕ್ಕೂ ಅವಳ ಬಳಿ ಉತ್ತರವಿತ್ತು. ಅವರ ಮುಖ ನೋಡಲಾಗದೆ ಕೊನೆಗೆ ಅವಳೇ ಸೋತಳು.

"ಮೇಷ್ಟ್ರೇ, ಸ್ವಲ್ಪ ಅನುಮಾನ ಇದೆ ಅಂತಷ್ಟೇ ತಿದ್ದಿ ಬರೀತೀನಿ. ಹಬ್ಬ ಆಗ್ಲಿ. ಆಮೇಲೆ ನೋಡ್ಕೊಳ್ಳೋಣ."

ಅದನ್ನು ಕೇಳಿ ಮೇಷ್ಟ್ರ ಸಿಟ್ಟು ಸರ್ರನೆ ಇಳಿಯಿತು.

"ನನ್ನ ಮೇಲಿನ ಕನಿಕರಕ್ಕೆ ನೀನೂ ಒಂದು ಸುಳ್ಳು ದಾಖಲೆ ಹುಟ್ಟಿಸ್ತೀಯೇನೇ? ಸನ್ಯಾಸಿಗಳಿಗಾದ್ರೂ ಹೊಲ ಸಿಕ್ತು. ನಿನಗೇನು ಸಿಗತ್ತೆ, ಕೇಕಾ?"

ಹಾಗಾದರೆ ಊರಿನ ಹೆಸರು ನಿಜವಾಗಿ ಮೊದಲು ಬರುವುದು ಎಲ್ಲಿ ಎಂದು ಕೇಳಿದರು. ಒಂದು ಹಳೆಯ ತೀರ್ಪಿನಲ್ಲಿ ಎಂದಳು ಅವಳು. ಬೆಳೆಯ ಪಾಲು ಎತ್ತಲು ಬಂದ ಮಠದ ಆಳಿಗೆ ಎರ್ಲೆನ್‌ರೋಡೆಯ ಗೇಸೆ ಎಂಬ ವಿಧವೆ ಕಾಳು ಬಡಿಯುವ ಕೋಲಿನಿಂದ ಬಾರಿಸಿ ದಂಡ ತೆತ್ತಿದ್ದಳು. ಗೇಸೆ ಯಾವ ಊರಿನವಳೆಂದು ಸುಳ್ಳು ಬರೆದು ನ್ಯಾಯಾಧೀಶನಿಗೆ ಆಗಬೇಕಾದ್ದೇನೂ ಇರಲಿಲ್ಲ. ಅದಕ್ಕೇ ಆ ತೀರ್ಪನ್ನು ನಂಬಬಹುದು.

ಮೇಷ್ಟ್ರು ಕೆಮ್ಮು ಬರುವಷ್ಟು ನಕ್ಕರು. ಚಕ್ರವರ್ತಿಗಿಂತ ಈ ಹೆಂಗಸೇ ವಾಸಿ ಎಂದರು. ಆಮೇಲೆ ತೀರ್ಪಿನ ಇಸವಿ ಕೇಳಿ, ಬೆರಳು ಮಡಿಸಿ ಎಣಿಸಿದರು. ಆ ಲೆಕ್ಕದಲ್ಲಿ ಊರಿಗೆ ಏಳುನೂರೈವತ್ತು ತುಂಬಲು ಇನ್ನೂ ಹನ್ನೊಂದು ವರ್ಷ ಬೇಕು; ಮೇಷ್ಟ್ರಿಗೆ ಆಗ ತೊಂಬತ್ತೈದು.

"ಹಬ್ಬ ಅವತ್ತೇ ಆಗ್ಲಿ," ಎಂದರು. "ಭಾಷಣ ನೀನು ಮಾಡು. ಗೇಸೆನ ಮಾತ್ರ ಸಾಧು ಮಾಡ್ಬೇಡ. ಚೆನ್ನಾಗಿ ಹೊಡೀಲಿ."

ಇರ್ಮ್‌ಟ್ರಾಡ್‌ಗೆ ಅಳು ತಡೆಯಲಾಗಲಿಲ್ಲ. ಮೇಷ್ಟ್ರು ಎದ್ದು, ಅವಳು ವರದಿಗೆ ಸಹಿ ಹಾಕಲೆಂದು ಪೆನ್ನು ಹುಡುಕತೊಡಗಿದರು.