ಅಳುವ ತುರಿಮಣೆ

ತುರಿಮಣೆಯ ಹಲ್ಲಿಗೆ ಮೊದಲು ಗಂಡನ ಹಳೆಯ ಕಾಲುಚೀಲ, ಅದರ ಮೇಲೆ ಗುಳ್ಳೆಗಳ ಪ್ಲಾಸ್ಟಿಕ್ಕು, ಕೊನೆಗೆ ಕಳೆದ ವರ್ಷದ ಪ್ರದರ್ಶನದ ಪೋಸ್ಟರು. ಜುವೈರಿಯಾ ಟೇಪು ಹರಿದು ಅಂಟಿಸುತ್ತಿದ್ದಳು. ದಮ್ಮಾಮಿನ ಸಾರ್ವಜನಿಕ ಕಲಾ ಗ್ಯಾಲರಿಯಲ್ಲಿ ಅವಳು ಕ್ಯುರೇಟರ್. ಗುರುವಾರ ಸಂಜೆ ಬಾಗಿಲು ಹಾಕಿದ ಮೇಲೆ ಪ್ರತಿವಾರ ಮಾಡುವ ಕೆಲಸ ಇದು. ಶುಕ್ರವಾರ ಗ್ಯಾಲರಿಗೆ ರಜೆ. ಶನಿವಾರ ಬೆಳಿಗ್ಗೆ, ಬೇರೆಯವರು ಬರುವ ಮೊದಲು, ಮಣೆ ತನ್ನ ಬಿಳಿ ಪೀಠದ ಮೇಲೆ ಮತ್ತೆ ಕೂತಿರಬೇಕು.

ಗೇಟಿನ ಕಾವಲಿಗಿದ್ದ ಉಪ್ಪಿನಂಗಡಿಯ ಅಬ್ದುಲ್ ಹಕೀಂ ಅವಳ ಚೀಲ ನೋಡುವ ಬದಲು ಆಕಾಶ ನೋಡಿದ.

“ಎಂತ ಮೇಡಂ, ನಾಳೆ ಪತ್ತಿರಾ, ತುಪ್ಪದನ್ನವಾ?”

“ಪತ್ತಿರ್. ಕೋಳಿ ಗಸಿ.”

“ಹಾಗಾದ್ರೆ ನಾನು ಎಂತದೂ ನೋಡ್ಲಿಲ್ಲ. ಗಸಿಯಲ್ಲಿ ನನ್ನ ಪಾಲು ಉಂಟಲ್ಲ?”

ಊರು ಬಿಟ್ಟು ಇಲ್ಲಿ ಮನೆ ಮಾಡಿದ ಹೆಂಗಸರ ಅಡುಗೆ ಸಾಮಾನುಗಳ ಪ್ರದರ್ಶನ ಅವಳದೇ ಯೋಚನೆ. ಸುಡಾನಿನವಳೊಬ್ಬಳು ಕಾಫಿ ಹುರಿಯುವ ಬಾಣಲೆ ಕೊಟ್ಟಳು, ಫಿಲಿಪೀನ್ಸಿನವಳು ಅಕ್ಕಿ ಅಳೆಯುವ ಡಬ್ಬಿ ಕೊಟ್ಟಳು. ಕೊಟ್ಟವರು ಕೊಟ್ಟು ಮರೆತರು. ಜುವೈರಿಯಾಳ ಮನೆಯ ಕೆಳಗಿನ ಮಹಡಿಯ ಜಮೀಲಮ್ಮ ಮಾತ್ರ ತನ್ನ ತುರಿಮಣೆಯನ್ನು ಉಳ್ಳಾಲದಲ್ಲಿ ಪಕ್ಕದ ಮನೆಗೆ ಎರವಲು ಕೊಟ್ಟಂತೆ ಗ್ಯಾಲರಿಗೆ ಕೊಟ್ಟಿದ್ದರು. ಮೊದಲ ಗುರುವಾರವೇ ಫೋನು ಬಂದಿತ್ತು.

“ಮಗಳೇ, ನಾಳೆ ಜುಮಾ ಅಲ್ವಾ, ಮಣೆ ಕಳಿಸು. ಒಂದು ವಾರ ನೋಡಿದ್ರಲ್ಲ, ಇನ್ನೂ ಸಾಕಾಗ್ಲಿಲ್ವಾ ಅವರಿಗೆ?”

“ಹೊಸತು ತಂದು ಕೊಡ್ತೇನೆ ಜಮೀಲಮ್ಮ.”

“ಹೊಸ ಮಣೆಗೆ ನನ್ನ ಗುರ್ತ ಉಂಟಾ? ಇದು ನನ್ನ ಕುಂಡೆಯ ಅಳತೆಗೆ ಸವೆದದ್ದು.”

ಎರವಲು ತಂದದ್ದು ಬರಿಗೈಯಲ್ಲಿ ಹಿಂದೆ ಹೋಗಬಾರದೆಂದು ಇಬ್ಬರಿಗೂ ಅವರವರ ತಾಯಂದಿರು ಕಲಿಸಿದ್ದರು. ಹಾಗಾಗಿ ಮಣೆಯೊಡನೆ ಜಮೀಲಮ್ಮ ತಟ್ಟಿದ ಅಕ್ಕಿರೊಟ್ಟಿ, ಅದೇ ಪತ್ತಿರ್, ಬರುತ್ತಿತ್ತು. ಈ ಕಡೆಯಿಂದ ಜುವೈರಿಯಾ ಗ್ಯಾಲರಿಯ ಅಂಗಡಿಯಲ್ಲಿ ಕೊಂಡ, ಫ್ರಿಜ್ಜಿಗೆ ಅಂಟಿಸುವ ಚಿತ್ರವೊಂದನ್ನು ಕಳಿಸುತ್ತಿದ್ದಳು. ಜಮೀಲಮ್ಮನ ಫ್ರಿಜ್ಜಿನ ಬಾಗಿಲ ಮೇಲೆ ಈಗ ಆಧುನಿಕ ಅರಬ್ ಚಿತ್ರಕಲೆ ಮೀನಿನ ಅಂಗಡಿಯ ಕ್ಯಾಲೆಂಡರನ್ನು ಮೂಲೆಗೆ ತಳ್ಳಿತ್ತು.

ತೊಂದರೆ ಶುರುವಾದದ್ದು ಮಾರ್ತಾಳಿಂದ. ವಸ್ತುಗಳು ಕೆಡದಂತೆ ನೋಡಿಕೊಳ್ಳಲು ಸ್ಪೇನಿನಿಂದ ಬಂದವಳು, ಶನಿವಾರಕ್ಕೊಮ್ಮೆ ಭೂತಕನ್ನಡಿ ಹಿಡಿದು ಎಲ್ಲವನ್ನೂ ಪರೀಕ್ಷಿಸುವಳು. ತುರಿಮಣೆಯ ಮರದಲ್ಲಿ ಅವಳಿಗೆ ಎಣ್ಣೆಯ ಪಸೆ ಕಂಡಿತು, ಹಲ್ಲಿನ ಸಂದಿಯಲ್ಲಿ ಏನೋ ಬೆಳ್ಳಗಿನ ನಾರು. ಒರೆಸಿ ತೆಗೆದಳು. ಮರುವಾರ ಅದು ಮತ್ತೆ ಇತ್ತು.

“ಮರ ತಾನಾಗಿಯೇ ಒಸರುತ್ತಿದೆ,” ಎಂದಳು ಮಾರ್ತಾ. “ಇಷ್ಟು ಹಳೆಯ ಮರದಲ್ಲಿ ನಾನು ಇದನ್ನು ಎಲ್ಲೂ ಕಂಡಿಲ್ಲ.”

ಜುವೈರಿಯಾ ಅಂದು ಕೆಮ್ಮಿ ಪಕ್ಕದ ಪೀಠದತ್ತ ನಡೆದಿದ್ದಳು. ಆಗಲೇ ಹೇಳಿಬಿಟ್ಟಿದ್ದರೆ ಒಂದು ನಗುವಿನಲ್ಲಿ ಮುಗಿಯುತ್ತಿತ್ತೋ ಏನೋ. ಈಗ ಅದು ನಿರ್ದೇಶಕಿ ಹೆಸ್ಸಾಳ ಕಿವಿ ಮುಟ್ಟಿತ್ತು. ಹೆಸ್ಸಾ ಒಳ್ಳೆಯವಳು, ಆದರೆ ಯಾವುದನ್ನೂ ಸಣ್ಣದಾಗಿ ಇರಲು ಬಿಡುವವಳಲ್ಲ. ಇವತ್ತು ಮಧ್ಯಾಹ್ನ ಮಣೆಯ ಸವೆದ ತಗ್ಗಿನ ಮೇಲೆ ಗಾಳಿಯಲ್ಲಿ ಕೈಯಾಡಿಸುತ್ತಾ ನಿಂತಿದ್ದಳು.

“ಎಂಥ ಬಾಗು ನೋಡು ಜುವೈರಿಯಾ. ಯಾವ ಶಿಲ್ಪಿಯ ಕೈ ಇದು?”

ಕೈಯಲ್ಲ ಎಂಬ ಮಾತನ್ನು ಜುವೈರಿಯಾ ನುಂಗಿಕೊಂಡಳು.

“ತನ್ನ ಊರನ್ನು ನೆನೆದು ಈ ಮರ ಅಳುತ್ತಿದೆ,” ಎಂದಳು ಹೆಸ್ಸಾ. “ಇದು ನಮ್ಮ ಗ್ಯಾಲರಿಯಲ್ಲೇ ಶಾಶ್ವತವಾಗಿ ಉಳಿಯಬೇಕು. ಭಾನುವಾರ ಗಾಜಿನ ಪೆಟ್ಟಿಗೆ ಬರುತ್ತದೆ, ಗಾಳಿ ಆಡದಂತೆ ಮುಚ್ಚಿಬಿಡುತ್ತೇವೆ. ಆ ಅಮ್ಮನ ಒಪ್ಪಿಗೆ ತರುವುದು ನಿನ್ನ ಜವಾಬ್ದಾರಿ.”

ಮನೆಗೆ ಕಾರು ಓಡಿಸುವಾಗ ಜುವೈರಿಯಾಳ ತಲೆಯಲ್ಲಿ ಅದೊಂದೇ. ಬೇಡವೆಂದರೆ ಕಾರಣ ಹೇಳಬೇಕು. ಪ್ರದರ್ಶನದ ವಸ್ತುವನ್ನು ವಾರವಾರ ಕಾಯಿ ತುರಿಯಲು ಒಯ್ದ ಕ್ಯುರೇಟರನ್ನು ಯಾವ ಗ್ಯಾಲರಿ ಇಟ್ಟುಕೊಳ್ಳುತ್ತದೆ? ಆಗಲಿ ಎಂದರೆ ಜಮೀಲಮ್ಮನ ಕೈಗೆ ಮಣೆ ಇನ್ನು ಬರುವುದಿಲ್ಲ.

ಜಮೀಲಮ್ಮ ಎಲ್ಲವನ್ನೂ ಕೇಳಿ ಮೊದಲು ನಕ್ಕರು.

“ಅಳುದಾ? ಈ ಮಣೆಯಾ? ಕಾಯಿಹಾಲು ಅಂತ ಹೇಳ್ಳಿಕ್ಕೆ ನಿಂಗೆ ಬಾಯಿ ಇರ್ಲಿಲ್ವಾ?”

“ಹೇಳಿದ್ರೆ ಕೆಲಸ ಹೋಗ್ತದೆ ಅಂತ ಹೆದರಿಕೆ.”

ನಗು ನಿಂತಿತು. ಅವರು ಪೋಸ್ಟರು ಬಿಚ್ಚಿ, ಕಾಲುಚೀಲ ಎಳೆದು, ಮಣೆಯನ್ನು ಅಂಗೈಯಿಂದ ಸವರಿದರು. “ಕೊಡು ಅವರಿಗೆ. ಇಟ್ಕೊಳ್ಳಲಿ. ನನ್ನ ಮದುವೆ ಫೋಟೋಕ್ಕೇ ಗಾಜಿಲ್ಲ, ಮಣೆಗಾದ್ರೂ ಸಿಗ್ಲಿ. ಮಿಕ್ಸಿ ಉಂಟಲ್ಲ ಮನೆಯಲ್ಲಿ.”

“ನಿಮಗೆ ಬೇಜಾರಿಲ್ವಾ?”

“ಎಂತ ಬೇಜಾರು? ಹೋಗು, ನಾಳೆ ಊಟಕ್ಕೆ ಬಾ.”

ಶುಕ್ರವಾರ ಜುಮಾ ನಮಾಜು ಮುಗಿಯುವ ಹೊತ್ತಿಗೆ ಜುವೈರಿಯಾ ಕೆಳಗಿಳಿದು ಬಂದಾಗ ಗಸಿ ಆಗಲೇ ಕುದಿದು ಆರುತ್ತಿತ್ತು. ಜಮೀಲಮ್ಮ ಮಾತ್ರ ಇನ್ನೂ ಮಣೆಯ ಮೇಲೆ ಕೂತು ತುರಿಯುತ್ತಿದ್ದರು. ಸುತ್ತ ಗೆರಟೆಗಳ ರಾಶಿ. ಮನೆಯಲ್ಲಿದ್ದ ಕಾಯಿ ಸಾಲದೆ ಮಗ ಝುಬೈರನನ್ನು ಅಂಗಡಿಗೆ ಕಳಿಸಿ ಒಂದು ಚೀಲ ತರಿಸಿದ್ದರು. ತುರಿದದ್ದನ್ನು ಪ್ಲಾಸ್ಟಿಕ್ ತೊಟ್ಟೆಗಳಿಗೆ ತುಂಬಿ ಫ್ರೀಝರಿನಲ್ಲಿ ಒತ್ತಿ ಒತ್ತಿ ಇಟ್ಟಿದ್ದರು. ಅವುಗಳಿಗೆ ಜಾಗ ಮಾಡಲು ಹೊರಗೆ ಬಂದ ಅಂಜಲ್ ಮೀನು ಬೇಸಿನಿನಲ್ಲಿ ಕರಗುತ್ತಿತ್ತು.

“ಇದೆಂತ ಜಮೀಲಮ್ಮ, ಮದುವೆ ಉಂಟಾ?”

“ರಂಜಾನಿಗೆ ಆಗ್ತದೆ,” ಎಂದರು ಅವರು, ತಲೆ ಎತ್ತದೆ. ರಂಜಾನಿಗೆ ಇನ್ನೂ ಎಷ್ಟೋ ತಿಂಗಳಿತ್ತು.

ಊಟಕ್ಕೆ ಕೂತರು. ಝುಬೈರ್ ಮೀನಿನ ಬಗ್ಗೆ ಏನೋ ಕೇಳಹೋಗಿ ತಾಯಿಯ ಮುಖ ನೋಡಿ ಗಸಿ ಬಡಿಸಿಕೊಂಡ. ಹೊರಡುವಾಗ ಜಮೀಲಮ್ಮ ಮಣೆಯನ್ನು ಸೋಪು ಹಾಕಿ ತಿಕ್ಕಿ ತೊಳೆದು ಒರೆಸಿ, ಹಲ್ಲಿಗೆ ಕಾಲುಚೀಲ ತೊಡಿಸಿ ಕೊಟ್ಟರು. ಹಿಂದೆಂದೂ ಅಷ್ಟು ತೊಳೆದವರಲ್ಲ. ಜೊತೆಗೆ ಪತ್ತಿರಿನ ಡಬ್ಬಿ, ಹಕೀಮನಿಗೆ ಗಸಿ.

ಜುವೈರಿಯಾ ಮೇಲೆ ಬಂದು ಮಣೆಯನ್ನು ಮಲಗುವ ಕೋಣೆಯ ಮೇಜಿನ ಮೇಲಿಟ್ಟಳು. ಆಮೇಲೆ ಮಂಡಿಯೂರಿ, ಮಂಚದ ಅಡಿಯಿಂದ ಸೂಟ್‌ಕೇಸು ಸರಿಸಿ ಇನ್ನೊಂದು ಪೊಟ್ಟಣ ಎಳೆದಳು. ಅವಳು ಮದುವೆಯಾಗಿ ಈ ದೇಶಕ್ಕೆ ಹೊರಟಾಗ ಅತ್ತೆ ಕೊಟ್ಟು ಕಳಿಸಿದ ಹಲಸಿನ ಮರದ ತುರಿಮಣೆ, ಇನ್ನೂ ಮಂಗಳೂರಿನ ಪೇಪರಿನಲ್ಲೇ ಸುತ್ತಿಕೊಂಡಿತ್ತು. ಹಲ್ಲಿಗೆ ಅಂಗಡಿಯವನು ಸವರಿದ ಗ್ರೀಸು ಹಾಗೆಯೇ ಇತ್ತು. ಕೂರುವ ಜಾಗ ಹಲಗೆಯಷ್ಟು ಚಪ್ಪಟೆ. ಅತ್ತೆ ಫೋನಿನಲ್ಲಿ ಕೇಳಿದಾಗಲೆಲ್ಲ, ದಿನಾ ತುರಿಯುತ್ತೇನೆ ಎಂದು ಪ್ಯಾಕೆಟ್ಟಿನ ಕಾಯಿಪುಡಿ ಕಲಸುತ್ತಲೇ ಹೇಳಿದ್ದಳು.

ಇಷ್ಟು ಚೆನ್ನಾಗಿ ಕಾಪಾಡಿದ ವಸ್ತು ಮಾರ್ತಾಳ ಇಡೀ ಗ್ಯಾಲರಿಯಲ್ಲಿ ಇರಲಿಲ್ಲ.

ಅವಳಿಗೆ ನಗು ಬಂತು. ನೆಲದ ಮೇಲೆ ಕೂತೇ, ಗೋಡೆಗೆ ಹಾಕುವ ಫಲಕದ ಮಾತುಗಳನ್ನು ಮನಸ್ಸಿನಲ್ಲಿ ಜೋಡಿಸಿದಳು. ತುರಿಮಣೆ, ಹಲಸಿನ ಮರ, ಮಂಗಳೂರು. ಒಮ್ಮೆಯೂ ಬಳಸಿಲ್ಲ. ಕೊಟ್ಟವರು: ಜುವೈರಿಯಾ. ಅಳುವುದರ ಕಥೆಯನ್ನು ನಾಳೆ ಹೆಸ್ಸಾಳ ಎದುರು ಕೂತು ತಾನೇ ಬಿಡಿಸಿ ಹೇಳುವುದು, ಪತ್ತಿರಿನ ಡಬ್ಬಿಯನ್ನು ನಡುವೆ ಇಟ್ಟುಕೊಂಡು. ಆಮೇಲೆ ಅವಳು ತನ್ನನ್ನು ಕೆಲಸದಲ್ಲಿ ಇಟ್ಟುಕೊಂಡರೆ ಇಟ್ಟುಕೊಳ್ಳಲಿ, ಕಳಿಸಿದರೆ ಕಳಿಸಲಿ.

“ಎಂತದು ಎಳೀತಾ ಇದ್ದೀ?” ಹೊರಗಿನ ಕೋಣೆಯಿಂದ ಗಂಡ ಕೇಳಿದ.

“ಎಂತ ಇಲ್ಲ,” ಎಂದಳು ಜುವೈರಿಯಾ. ಜಮೀಲಮ್ಮನ ಮಣೆಯ ಹಲ್ಲಿನಿಂದ ಕಾಲುಚೀಲವನ್ನು ತೆಗೆದು ತನ್ನದಕ್ಕೆ ತೊಡಿಸತೊಡಗಿದಳು.